ಒಂದು ದಿನ, ಎಪ್ಪತ್ತೊಂದು ನಿಲ್ದಾಣ

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಆರೋಗ್ಯದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಕೇಳಿಕೊಂಡಾಗ ಅವರ ಮನಸ್ಸಿನಲ್ಲಿದ್ದದ್ದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಇವೇ ಇದ್ದಿರಬೇಕು. ಊಟಕ್ಕೆ ಮುಂಚೆ ಆ ವಿಷಯ ಎತ್ತಿದರೆ ಬೆಳಗಿನಿಂದ ಹೋಳಿಗೆ ತಟ್ಟಿದವರಿಗೆ ಬೇಸರವಾದೀತು. ಆದ್ದರಿಂದ ನಾವು ರಾಟರ್‌ಡ್ಯಾಮ್ ಮೆಟ್ರೋ ವಿಷಯ ಮಾತನಾಡುತ್ತೇವೆ. ಅದು ಹೇಗೆ ಆರೋಗ್ಯದ ವಿಷಯವಾಯಿತು ಎಂಬುದು ಮುಂದೆ ತಮಗೇ ತಿಳಿಯುತ್ತದೆ.

ಕಳೆದ ಬೇಸಿಗೆಯ ಒಂದು ಶನಿವಾರ ನಾವು ಏಳು ಜನ ಕಾಪೆಲ್ಲೆ ಆನ್ ಡೆನ್ ಐಸೆಲ್‌ನ ಡೆ ಟೆರ್ಪ್ ನಿಲ್ದಾಣದಲ್ಲಿ ಬೆಳಿಗ್ಗೆ ಮೆಟ್ರೋ ಹತ್ತಿ, ಐದು ಮಾರ್ಗಗಳಲ್ಲಿರುವ 71 ನಿಲ್ದಾಣಗಳನ್ನೂ ಒಂದೇ ದಿನದಲ್ಲಿ ಮುಟ್ಟಿ, ರಾತ್ರಿ ಎಂಟು ದಾಟಿದ ಮೇಲೆ ಹೇಗ್ ನಗರದಲ್ಲಿ ಇಳಿದೆವು. ಏಳು ಜನರೆಂದರೆ ನಾವು ದಂಪತಿಗಳು, ಶಿವಮೊಗ್ಗದಿಂದ ಬಂದಿದ್ದ ನಮ್ಮ ತಾಯಿಯವರು, ಸಂಘದ ಸದಸ್ಯರೊಬ್ಬರ ತಂದೆ, ಮತ್ತೊಬ್ಬರ ಅತ್ತೆ, ಇಬ್ಬರು ಮಕ್ಕಳು. ತಾಯಿಯವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ವಯಸ್ಸು ಎಪ್ಪತ್ತಮೂರು. ತಂದೆಯವರು ದಾವಣಗೆರೆಯಲ್ಲಿ ಸಾರಿಗೆ ಬಸ್ಸಿನ ಕಂಡಕ್ಟರಾಗಿದ್ದವರು. ಅತ್ತೆಯವರು ಧಾರವಾಡದವರು. ಹಿರಿಯರ ಹೆಸರು ಹೇಳುವುದಿಲ್ಲ; ಹೇಳಿದರೆ ಊಟದ ಹೊತ್ತಿನಲ್ಲಿ ಎಲ್ಲರೂ ಅವರನ್ನು ಮುತ್ತಿಕೊಳ್ಳುತ್ತೀರಿ.

ಈ ಹುಚ್ಚು ಏಕೆ ಹಿಡಿಯಿತು ಎಂದು ಕೇಳಬಹುದು. ವೃದ್ಧರನ್ನು ಪರೀಕ್ಷಿಸುವಾಗ ನಾವು ವೈದ್ಯರು ನಾಡಿ ಹಿಡಿಯುತ್ತೇವೆ, ರಕ್ತ ತೆಗೆಸುತ್ತೇವೆ, ಆದರೆ 'ಹೋದ ತಿಂಗಳು ಎಲ್ಲಿಯವರೆಗೆ ಹೋಗಿದ್ದಿರಿ?' ಎಂದು ಕೇಳುವುದು ಕಡಿಮೆ. ಅಮೆರಿಕದ ಬರ್ಮಿಂಗ್‌ಹ್ಯಾಮಿನ ಅಲಬಾಮಾ ವಿಶ್ವವಿದ್ಯಾಲಯದವರು 2003ರಲ್ಲಿ ಇದಕ್ಕೊಂದು ಪ್ರಶ್ನಾವಳಿಯನ್ನೇ ಪ್ರಕಟಿಸಿದರು. ಕಳೆದ ನಾಲ್ಕು ವಾರಗಳಲ್ಲಿ ಮಲಗುವ ಕೋಣೆಯಿಂದ ಆಚೆ ಬಂದಿರಾ, ಅಂಗಳಕ್ಕೆ ಇಳಿದಿರಾ, ಕೇರಿಗೆ, ಊರೊಳಕ್ಕೆ, ಊರಾಚೆಗೆ ಹೋದಿರಾ, ವಾರಕ್ಕೆಷ್ಟು ಸಲ, ಯಾರ ನೆರವಿನಿಂದ ಎಂದು ಕೇಳಿ 0ಯಿಂದ 120ರವರೆಗೆ ಅಂಕ ಕೊಡುತ್ತಾರೆ. ಅದರಲ್ಲಿ ನಮಗೆ ಬಹಳ ಹಿಡಿಸಿದ ಒಂದು ಅಂಶವಿದೆ. ಇನ್ನೊಬ್ಬರ ನೆರವಿನಿಂದ ಹೋದರೆ ಸಿಗುವ ಅಂಕಕ್ಕಿಂತ, ಅಷ್ಟೇ ದೂರ ಯಾರ ನೆರವೂ, ಯಾವ ಸಾಧನವೂ ಇಲ್ಲದೆ ಹೋದರೆ ಎರಡರಷ್ಟು ಅಂಕ.

ಈ ಲೆಕ್ಕದಲ್ಲಿ ನಮ್ಮ ರೆಸಿಡೆನ್ಸಿ ದಿನಗಳನ್ನು ಅಳೆದರೆ ನಾವೂ ಫೇಲೇ. ವಾರ್ಡು, ಕ್ಯಾಂಟೀನು, ಹಾಸ್ಟೆಲು, ಮತ್ತೆ ವಾರ್ಡು, ಎಂ.ಬಿ.ಬಿ.ಎಸ್. ಓದುವಾಗ ಕಂಡಿದ್ದ ಊರು ರೆಸಿಡೆನ್ಸಿಗೆ ಬಂದಮೇಲೆ ಕಿಟಕಿಯಾಚೆಯ ದೀಪಗಳಷ್ಟೇ ಆಗಿತ್ತು. ಆದರೆ ಆಗ ವಯಸ್ಸು ಇಪ್ಪತ್ತೈದು. ಎಪ್ಪತ್ತಮೂರರಲ್ಲಿ ಹಾಗಾದರೆ ಮಾಂಸಖಂಡ ಕಾಯುವುದಿಲ್ಲ.

ಊರಿನಿಂದ ತೊಂಬತ್ತು ದಿನದ ವೀಸಾದ ಮೇಲೆ ಬರುವ ನಮ್ಮ ಹಿರಿಯರನ್ನು ನೋಡಿರಿ. ಶಿವಮೊಗ್ಗದಲ್ಲಿ ದಿನಾ ಬೆಳಿಗ್ಗೆ ಗಾಂಧಿ ಬಜಾರಿಗೆ ನಡೆದು ಹೋಗಿ ಹೂವು, ಸೊಪ್ಪು ತರುತ್ತಿದ್ದವರು ಇಲ್ಲಿ ಆರನೆಯ ಅಂತಸ್ತಿನ ಮನೆಯಲ್ಲಿ ಹೀಟರಿನ ಪಕ್ಕದ ಕುರ್ಚಿ ಹಿಡಿಯುತ್ತಾರೆ. ಭಾನುವಾರ ನಾವು ಕಾರಿನಲ್ಲಿ ಟುಲಿಪ್ ತೋಟ, ಗಾಳಿಯಂತ್ರ ತೋರಿಸುತ್ತೇವೆ. ಫೋಟೋ ಬರುತ್ತದೆ. ಸೋಮವಾರ ಮತ್ತೆ ಕುರ್ಚಿ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರುವ ಸಣ್ಣದೊಂದು ಪರೀಕ್ಷೆ ಇದೆ. ತಾಯಿಯವರು ಬಂದ ವಾರ ಮಾಡಿದ್ದಕ್ಕೂ ಐದು ವಾರದ ನಂತರ ಮಾಡಿದ್ದಕ್ಕೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿತ್ತು. 'ಹೊರಗೆ ಹೋಗಿ ಬನ್ನಿ ಅಮ್ಮ' ಎಂದರೆ, 'ಎಲ್ಲಿಗೆ ಹೋಗಲಿ ಮಾರಾಯ? ಹೆಸರೇ ಬಾಯಿಗೆ ಬರಲ್ಲ. ದಾರಿ ತಪ್ಪಿದರೆ ಯಾವ ಊರು ಅಂತ ಹೇಳಲಿ?' ಎಂದರು. ಮಾತು ನ್ಯಾಯವಾದದ್ದೇ.

ಮಗಳು ಹದಿಮೂರರ ಹುಡುಗಿ. ಅವಳೇ ದಾರಿ ತೋರಿಸಿದಳು. ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಎಲ್ಲ ಮೆಟ್ರೋ ನಿಲ್ದಾಣಗಳನ್ನೂ ಒಂದೇ ದಿನದಲ್ಲಿ ಮುಗಿಸುವ ಪಂಥವಿದೆಯಂತೆ, ನಾವೂ ಮಾಡೋಣ ಎಂದಳು. ವಿಚಾರಿಸಿದರೆ ನಿಜ. ನ್ಯೂಯಾರ್ಕಿನಲ್ಲಿ 1966ರಲ್ಲಿ ಪೀಟರ್ ಸ್ಯಾಮ್ಸನ್ ಎಂಬ ಕಂಪ್ಯೂಟರ್ ಪಂಡಿತರು ಇದಕ್ಕೆ ಒಂದು ಸಮಿತಿಯನ್ನೇ ಕಟ್ಟಿ ನಿಯಮ ಬರೆದರು. ಪ್ರತಿ ಮಾರ್ಗವನ್ನೂ ಪೂರ್ತಿ ಕ್ರಮಿಸುವುದು ಒಂದು ವರ್ಗ, ಪ್ರತಿ ನಿಲ್ದಾಣದಲ್ಲೂ ರೈಲು ನಿಲ್ಲುವಂತೆ ಹೋಗುವುದು ಇನ್ನೊಂದು, ಸುಮ್ಮನೆ ಹಾದುಹೋದರೂ ಸಾಕೆನ್ನುವುದು ಮೂರನೆಯದು. ಅಲ್ಲಿ ಮ್ಯಾಥ್ಯೂ ಆನ್ ಎಂಬವರು 2016ರಲ್ಲಿ 469 ನಿಲ್ದಾಣಗಳನ್ನು ಇಪ್ಪತ್ತೊಂದೂವರೆ ಗಂಟೆಯ ಒಳಗೆ ಮುಗಿಸಿದರು. ನಮ್ಮ ದೇಶದಲ್ಲೂ ದೆಹಲಿಯಲ್ಲಿ 2021ರ ಏಪ್ರಿಲ್‌ನಲ್ಲಿ ಶಶಾಂಕ್ ಮನು ಎಂಬ ಯುವಕರು 286 ನಿಲ್ದಾಣಗಳನ್ನು ಹದಿನೈದೂವರೆ ಗಂಟೆಯೊಳಗೆ ಸುತ್ತಿ ಗಿನ್ನೆಸ್ ದಾಖಲೆ ಮಾಡಿದ್ದಾರೆ. ಅವರ ಮುಂದೆ ನಮ್ಮ 71 ಎಳೆಯ ಮಕ್ಕಳ ಆಟ. ದಾಖಲೆಯ ಗೊಡವೆ ನಮಗಿರಲಿಲ್ಲ. ಹೆಸರುಗಳು ಬಾಯಿಗೆ ಬರಬೇಕು, ಕಣ್ಣಿಗೆ ಪರಿಚಯವಾಗಬೇಕು, ಇಷ್ಟೇ.

ನಿಯಮದ ಚರ್ಚೆ ಮೂರು ಸಂಜೆ ನಡೆಯಿತು. ಕಂಡಕ್ಟರ್ ಹಿರಿಯರು ಪಟ್ಟು ಹಿಡಿದರು: 'ಡಾಕ್ಟ್ರೇ, ಇಳಿಯೋರು ಹತ್ತೋರು ಇಲ್ದಿದ್ರೆ ಅದು ಸ್ಟಾಪೇ ಅಲ್ಲ.' ಎಲ್ಲರೂ 71 ಕಡೆ ಇಳಿದು ಹತ್ತುವುದಕ್ಕೆ ನಾವು ಒಪ್ಪಲಿಲ್ಲ. ಮುಚ್ಚುವ ಬಾಗಿಲಿಗೂ ಸವೆದ ಮಂಡಿಗೂ ಸ್ನೇಹವಿಲ್ಲ. ಕೊನೆಗೆ ಹೀಗೆ ತೀರ್ಮಾನವಾಯಿತು: ಪ್ರತಿ ನಿಲ್ದಾಣದಲ್ಲೂ ಮಕ್ಕಳಲ್ಲಿ ಒಬ್ಬರು ಪ್ಲಾಟ್‌ಫಾರಂ ಮೇಲೆ ಎರಡೂ ಕಾಲಿಟ್ಟು ಒಳಗೆ ಬರುವುದು, ಹದಿನೈದು ಕಡೆ ಎಲ್ಲರೂ ಇಳಿದು ಬೀದಿಯವರೆಗೆ ಹೋಗಿ ನೋಡಿ ಬರುವುದು, ಪ್ರತಿ ನಿಲ್ದಾಣದ ಹೆಸರನ್ನೂ ತಾಯಿಯವರು ಕನ್ನಡದಲ್ಲಿ ಬರೆದುಕೊಳ್ಳುವುದು. ಆ ಹದಿನೈದನ್ನು ಆರಿಸಿದ್ದು ಶೌಚಾಲಯದ ಲೆಕ್ಕದ ಮೇಲೆ. ನಗಬೇಡಿ. ರಕ್ತದೊತ್ತಡಕ್ಕೆ ನೀರಿನ ಮಾತ್ರೆ ನುಂಗುವವರು ಮನೆ ಬಿಟ್ಟು ಹೊರಡದಿರಲು ಇದು ಮುಖ್ಯ ಕಾರಣ. ಸಂಕೋಚದಿಂದ ಹೇಳುವುದಿಲ್ಲ, ಅಷ್ಟೆ. ಅಲೆಕ್ಸಾಂಡರ್ ನಿಲ್ದಾಣದ ಪಕ್ಕದ ಅಂಗಡಿ ಸಮುಚ್ಚಯ, ಕಡಲತೀರದ ಹೋಟೆಲು, ರಾಟರ್‌ಡ್ಯಾಮ್ ಸೆಂಟ್ರಾಲ್ ಹೀಗೆ ಗುರುತು ಹಾಕಿಕೊಂಡೆವು. ಹಿರಿಯರನ್ನು ಎಲ್ಲಿಗೇ ಕರೆದೊಯ್ದರೂ ಮೊದಲು ಇದನ್ನು ನೋಡಿಕೊಳ್ಳಿ.

ದಾರಿ ಹೀಗೆ. ಡೆ ಟೆರ್ಪ್‌ನಿಂದ ಕಾಪೆಲ್ಲೆ ಸೆಂಟ್ರುಮ್, ಸ್ಲಾಟ್‌ಲಾನ್ ದಾಟಿ ಕಾಪೆಲ್ಸೆಬ್ರುಖ್‌ಗೆ ಬಂದು, ಅಲ್ಲಿ ಬದಲಾಯಿಸಿ ಬಿನ್ನೆನ್‌ಹೋಫ್ ಕೊನೆಗೆ, ಹಿಂದಿರುಗಿ ಖ್ರಾಸ್‌ಕ್ರೌಡ್‌ನಲ್ಲಿ ಕವಲು ಹಿಡಿದು ನೆಸ್ಸೆಲಾಂಡೆ ಕೊನೆಗೆ, ಅಲ್ಲಿಂದ 'ಬಿ' ಮಾರ್ಗದಲ್ಲಿ ಇಡೀ ನಗರವನ್ನು ಸೀಳಿಕೊಂಡು ಸಮುದ್ರದವರೆಗೆ, ಸ್ಖೀಡಾಮ್‌ಗೆ ಮರಳಿ 'ಸಿ'ಯಲ್ಲಿ ಸ್ಪೈಕೆನಿಸ್ಸೆಯ ಡೆ ಆಕ್ಕರ್ಸ್, 'ಡಿ'ಯಲ್ಲಿ ದಕ್ಷಿಣದ ಕಡೆಯಿಂದ ರಾಟರ್‌ಡ್ಯಾಮ್ ಸೆಂಟ್ರಾಲ್, 'ಇ'ಯಲ್ಲಿ ಹೇಗ್. ಎಲ್ಲೂ ಇಳಿಯದೆ ಹೋದರೆ ಐದು ಗಂಟೆಗಳ ಆಸುಪಾಸು. ನಾವು ಹದಿಮೂರು ಗಂಟೆ ತೆಗೆದುಕೊಂಡೆವು.

ಹತ್ತಿದ ಮೊದಲ ನಿಲ್ದಾಣದಲ್ಲೇ ಪಾಠ ಆರಂಭವಾಯಿತು. 'ಟೆರ್ಪ್' ಎಂದರೆ ಪ್ರವಾಹದಿಂದ ತಪ್ಪಿಸಿಕೊಳ್ಳಲು ಹಿಂದಿನವರು ಮಣ್ಣು ಹೇರಿ ಮಾಡಿಕೊಂಡ ದಿಬ್ಬ. ನಮ್ಮ ಕಾಪೆಲ್ಲೆಗೆ ಹತ್ತಿರದಲ್ಲೇ, ನ್ಯೂವೆರ್‌ಕೆರ್ಕ್ ಬಳಿ, ಈ ದೇಶದ ಅತಿ ತಗ್ಗಿನ ಜಾಗವಿದೆ, ಸಮುದ್ರಮಟ್ಟಕ್ಕಿಂತ 6.76 ಮೀಟರ್ ಕೆಳಗೆ. ಇಂಥ ನೆಲದಲ್ಲಿ ಎಲ್ಲ ಹೆಸರೂ ನೀರಿನದೇ. ಡೈಕ್‌ಜಿಖ್ಟ್ ಎಂದರೆ ಒಡ್ಡು ಕಾಣುವ ಜಾಗ. ಎರಾಸ್ಮಸ್ ವೈದ್ಯಕೀಯ ಕೇಂದ್ರಕ್ಕೆ ಇಳಿಯುವುದು ಅಲ್ಲೇ. ಫೈಫ್‌ಸ್ಲೌಜೆನ್ ಎಂದರೆ ಐದು ತೂಬು. ಡೆ ಟಾಖ್ಟೆನ್ ಎಂದರೆ ಹೊಲದ ನೀರು ಬಸಿಯುವ ಕಾಲುವೆಗಳು. ಮಾಸ್‌ಹಾಫೆನ್, ರೈನ್‌ಹಾಫೆನ್, ಕೋಲ್‌ಹಾಫೆನ್ ಎಲ್ಲ ಬಂದರುಗಳು. ತಾಯಿಯವರು ಶಿಕ್ಷಕಿಯಲ್ಲವೆ, ಕೂಡಲೇ ಹಿಡಿದರು: 'ನಮ್ಮ ಬೆಂಗಳೂರಿನ ಬೊಮ್ಮಸಂದ್ರ, ಸಿಂಗಸಂದ್ರವೂ ಹಾಗೇ ಅಲ್ಲವೇನೋ? ಸಮುದ್ರ ಸಂದ್ರ ಆಗಿದ್ದು. ಕೆರೆ ಹೋಯ್ತು, ಹೆಸರು ಉಳೀತು.' ಇಲ್ಲಿ ಹೆಸರಿನ ಜೊತೆ ಕಾಲುವೆಯೂ ಉಳಿದಿದೆ ಎಂದು ಮಗಳು ಕಿಟಕಿಯಿಂದ ತೋರಿಸಿದಳು.

ಉಚ್ಚಾರಣೆಯ ವಿಷಯದಲ್ಲಿ ನಮಗೆ ದೊಡ್ಡ ಅನುಕೂಲವಿದೆ, ಇದನ್ನು ಇಂಗ್ಲಿಷ್ ಲಿಪಿಗೆ ಜೋತುಬಿದ್ದ ನಾವು ಮರೆತಿದ್ದೇವೆ. ಡಚ್ಚರು ಎರಡಕ್ಷರ ಕೂಡಿಸಿ ಬರೆಯುವ 'ಐ' ನಮ್ಮ ವರ್ಣಮಾಲೆಯಲ್ಲಿ ಒಂದೇ ಅಕ್ಷರ. ಅವರ ಗಂಟಲ 'ಗ' ನಮ್ಮ 'ಖ'ಕ್ಕೆ ಸಾಕಷ್ಟು ಹತ್ತಿರ. ತಾಯಿಯವರು ಬರೆದುಕೊಂಡಂತೆ ಓದಿದರೆ ಡಚ್ಚರಿಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಇಲ್ಲಿರುವ ನಮ್ಮಲ್ಲಿ ಕೆಲವರು ಓದಿದರೆ ಆಗುವುದಿಲ್ಲ.

ಕಾಪೆಲ್ಸೆಬ್ರುಖ್ ದಾಟಿದ ಮೇಲೆ ಕಂಡಕ್ಟರ್ ಹಿರಿಯರು ಸೀಟಿನಿಂದ ಎದ್ದು ನಿಂತರು. ನಗರದ ನಡುಭಾಗದಲ್ಲಿ ನೆಲದ ಪಕ್ಕದ ಮೂರನೆಯ ಹಳಿಯಿಂದ ವಿದ್ಯುತ್ ತೆಗೆದುಕೊಳ್ಳುವ ಗಾಡಿ, ಆ ಕವಲಿನಲ್ಲಿ ನೆತ್ತಿಯ ಮೇಲಿನ ತಂತಿ ಹಿಡಿಯುತ್ತದೆ. ರಸ್ತೆಗೆ ಅಡ್ಡ ಬರುತ್ತದೆ, ಸೈಕಲ್ಲಿನವರು ಗೇಟಿನಲ್ಲಿ ಕಾಯುತ್ತಾರೆ. 'ಮೆಟ್ರೋಕ್ಕೂ ಗೇಟಾ! ನಮ್ಮ ದಾವಣಗೆರೆ ಅಶೋಕ ಟಾಕೀಸ್ ಗೇಟ್ ಆತಲ್ರೀ ಇದು' ಎಂದು ಅವರಿಗೆ ಪರಮಾನಂದ. ಬೆನ್ನ ಚೀಲದಿಂದ ಒಂದು ಹಾಳೆ ತೆಗೆದರು. ರಾತ್ರಿಯೇ ಗೆರೆ ಎಳೆದು ತಂದ ವೇ ಬಿಲ್ಲು! ನಿಲ್ದಾಣ, ವೇಳೆ, ಇಳಿದವರು, ಹತ್ತಿದವರು. ದಿನವಿಡೀ ತುಂಬಿಸಿದರು. ಮಕ್ಕಳಲ್ಲೊಬ್ಬರು ಇಳಿದು ಹತ್ತಿದಾಗಲೆಲ್ಲ ಮೆಲುದನಿಯಲ್ಲಿ 'ರೈಟ್' ಎನ್ನುತ್ತಿದ್ದರು. ಹೊರಹೋಗುವಾಗಲೂ ಕಾರ್ಡು ಮುಟ್ಟಿಸಬೇಕೆಂಬ ಇಲ್ಲಿನ ಪದ್ಧತಿಯನ್ನು ಬಹಳ ಮೆಚ್ಚಿದರು. ಇದು ಇದ್ದಿದ್ದರೆ ತಮ್ಮ ಸರ್ವೀಸಿನಲ್ಲಿ ಎಷ್ಟು ಜಗಳ ತಪ್ಪುತ್ತಿತ್ತು ಎಂದರು.

ನಗರದ ಒಳಗೆ ಬಂದಾಗ ಸುರಂಗ. ಇದು ಇಡೀ ನೆದರ್ಲೆಂಡ್ಸ್‌ನ ಮೊದಲ ಮೆಟ್ರೋ. 1968ರ ಫೆಬ್ರವರಿ 9ರಂದು ರಾಜಕುಮಾರಿ ಬೇಯಾಟ್ರಿಕ್ಸ್ ಉದ್ಘಾಟಿಸಿದಾಗ ಸೆಂಟ್ರಾಲ್‌ನಿಂದ ಜೌಡ್‌ಪ್ಲೈನ್‌ವರೆಗೆ ಏಳೇ ನಿಲ್ದಾಣ, ಆರು ಕಿಲೋಮೀಟರಿಗೂ ಕಡಿಮೆ. ನಮ್ಮಲ್ಲಿ ಕೊಲ್ಕತ್ತದ ಮೆಟ್ರೋ ಬಂದದ್ದು 1984ರಲ್ಲಿ. ಅಗೆದಲ್ಲೆಲ್ಲ ನೀರು ಉಕ್ಕುವ ಈ ನೆಲದಲ್ಲಿ ಸುರಂಗ ಕೊರೆದ ಬಗೆಯನ್ನು ಕೇಳಬೇಕು. ಅವರು ನೀರಿನೊಡನೆ ಜಗಳವಾಡಲಿಲ್ಲ. ಬೀದಿಯ ಉದ್ದಕ್ಕೂ ಕಂದಕ ತೋಡಿ, ಅದರಲ್ಲಿ ನೀರು ನಿಲ್ಲಲು ಬಿಟ್ಟು, ಬೇರೆಡೆ ಎರಕಹೊಯ್ದ ಕಾಂಕ್ರೀಟಿನ ಸುರಂಗದ ತುಂಡುಗಳನ್ನು ದೋಣಿಯಂತೆ ತೇಲಿಸಿ ತಂದು, ಒಂದೊಂದಾಗಿ ಮುಳುಗಿಸಿ ಜೋಡಿಸಿದರು. 1940ರ ಮೇ 14ರ ಬಾಂಬ್ ದಾಳಿಯಲ್ಲಿ ಊರಿನ ನಡುಭಾಗ ಸುಟ್ಟು ಬಯಲಾಗಿ, ಅಗಲವಾದ ಹೊಸ ಬೀದಿಗಳು ಬಂದಿದ್ದರಿಂದ ಇದಕ್ಕೆ ಜಾಗ ಸಿಕ್ಕಿತು. ನಮ್ಮ ಡೆ ಟೆರ್ಪ್ ಕವಲು ಬಂದದ್ದು ಬಹಳ ತಡವಾಗಿ, 1994ರಲ್ಲಿ.

ಹುಕ್ ಫಾನ್ ಹಾಲಂಡ್‌ನ ಕಡಲತೀರದ ನಿಲ್ದಾಣ 2023ರದು. ಹಿಂದೆ ದೊಡ್ಡ ರೈಲು ಓಡುತ್ತಿದ್ದ ಹಳಿಯನ್ನೇ ಮೆಟ್ರೋಗೆ ಬದಲಾಯಿಸಿ 2019ರಲ್ಲಿ ಬಂದರಿನವರೆಗೆ, ಆಮೇಲೆ ಮರಳಿನ ಅಂಚಿಗೆ ತಂದರು. ಅಲ್ಲಿ ಬುತ್ತಿ ಬಿಚ್ಚಿದೆವು. ಚಪಾತಿ, ಶೇಂಗಾ ಚಟ್ನಿ, ಮೊಸರನ್ನ. ಒಂದು ಕಡಲಹಕ್ಕಿ ಬಂದು ಧಾರವಾಡದ ಅತ್ತೆಯವರ ಕೈಯಿಂದಲೇ ಅರ್ಧ ಚಪಾತಿ ಎಗರಿಸಿತು. 'ಹಾಳಾದ ಹಕ್ಕಿ, ಕೇಳಿದ್ರ ಕೊಡತಿದ್ನಿ' ಎಂದು ಉಳಿದರ್ಧವನ್ನೂ ಅದಕ್ಕೇ ಹಾಕಿದರು. ಕಾರವಾರದ ನೀರಿನ ಹಾಗೆ ಬೆಚ್ಚಗಿಲ್ಲವೆಂದು ಬೈಯುತ್ತಲೇ ಮೊಣಕಾಲವರೆಗೆ ಇಳಿದರು.

ಮರಳಿ ಸ್ಖೀಡಾಮ್‌ಗೆ ಬರುವಷ್ಟರಲ್ಲಿ ತಾಯಿಯವರ ಬಲಮಂಡಿ ಊದಿತ್ತು. ಮುಟ್ಟಿ ನೋಡಿದರೆ ಬಿಸಿಯಿಲ್ಲ, ಹಳೆಯ ಸವೆತವೇ. ಸ್ಖೀಡಾಮ್ ಎಂಥ ಜಾಗವೆಂದರೆ 'ಸಿ' ಗಾಡಿಯಲ್ಲಿ ಪೂರ್ವಕ್ಕೆ ಹೊರಟರೆ ಬದಲಾಯಿಸದೆ ಮನೆ ಸೇರಬಹುದು. ಅದೇ 'ಸಿ'ಯಲ್ಲಿ ಇನ್ನೊಂದು ದಿಕ್ಕಿಗೆ ಹೊರಟರೆ ಇನ್ನೂ ಮೂವತ್ತನಾಲ್ಕು ನಿಲ್ದಾಣ ಬಾಕಿ. ಇಲ್ಲಿಗೆ ಸಾಕು, ಉಳಿದದ್ದು ಇನ್ನೊಂದು ಶನಿವಾರ ಎಂದೆವು. ತಾಯಿಯವರು ಬೆಂಚಿನ ಮೇಲೆ ಕುಳಿತು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಹೇಳಿದರು: 'ನಿಮ್ಮಪ್ಪ ಮಲಗಿದ ಎರಡು ವರ್ಷ ನಾನು ಮನೆ, ಮೆಡಿಕಲ್ ಶಾಪು ಬಿಟ್ಟು ಬೇರೆ ಏನೂ ನೋಡಲಿಲ್ಲ. ಅವರು ಹೋದಮೇಲೆ ಹೋಗಬಹುದಿತ್ತು, ಎಲ್ಲಿಗೆ ಅಂತ ಗೊತ್ತಾಗಲಿಲ್ಲ. ಇವತ್ತು ಗೊತ್ತಿದೆ. ಪಟ್ಟಿ ಕಟ್ಟು.'

ಕ್ರೇಪ್ ಬ್ಯಾಂಡೇಜು ನಮ್ಮ ಚೀಲದಲ್ಲಿತ್ತು. ಕಟ್ಟಿದೆವು. ಇಪ್ಪತ್ತು ನಿಮಿಷ ಕಾಲು ಎತ್ತರದಲ್ಲಿಟ್ಟು ಕೂರಿಸಿ, ಇನ್ನು ಮೇಲೆ ಇಳಿಯುವ ಕಡೆಗಳನ್ನು ಐದಕ್ಕೆ ಇಳಿಸಿ, ಲಿಫ್ಟ್ ಹತ್ತಿರವಿರುವ ಡಬ್ಬಿಯನ್ನೇ ಹಿಡಿಯಬೇಕೆಂದು ನಿಯಮ ಮಾಡಿ, ಪಶ್ಚಿಮದ ಗಾಡಿ ಹತ್ತಿದೆವು.

ಡೆ ಆಕ್ಕರ್ಸ್‌ನಲ್ಲಿ ಎಲ್ಲರೂ ಇಳಿಯಲೇಬೇಕಿತ್ತು. ಅಲ್ಲಿ ಹಳಿ ನೆಲದಿಂದ ಎತ್ತರದಲ್ಲಿ ಬಂದು ನೀರಿನ ಮೇಲೆ ಮುಗಿಯುತ್ತದೆ. ಅದರಾಚೆ ಮಾರ್ಟೆನ್ ಸ್ಟ್ರೌಸ್ ಎಂಬವರು 2002ರಲ್ಲಿ ಮಾಡಿದ ಎರಡು ತಿಮಿಂಗಿಲ ಬಾಲಗಳ ಶಿಲ್ಪ. 2020ರ ನವೆಂಬರ್ 2ರ ನಡುರಾತ್ರಿ ದಾಟಿದ ಮೇಲೆ ಖಾಲಿ ಗಾಡಿಯೊಂದು ತಡೆಗಟ್ಟೆಯನ್ನು ಒಡೆದು ಮುಂದೆ ನುಗ್ಗಿ, ಕೆಳಗಿನ ನೀರಿಗೆ ಬೀಳದೆ ಒಂದು ಬಾಲದ ಮೇಲೆ ಹೋಗಿ ಕುಳಿತಿತು. ಒಳಗಿದ್ದ ಚಾಲಕರಿಗೆ ಗಾಯವಾಗಲಿಲ್ಲ. ಕಥೆ ಕೇಳಿ ತಾಯಿಯವರು ಕೈಮುಗಿದು 'ಮತ್ಸ್ಯಾವತಾರ!' ಎಂದರು. 'ಅಜ್ಜಿ, ತಿಮಿಂಗಿಲ ಮೀನಲ್ಲ, ಸಸ್ತನಿ' ಎಂದು ಮಗಳು ತಿದ್ದಿದಳು. 'ಕಾಪಾಡಿತಲ್ಲ, ಯಾವುದಾದರೇನು' ಎಂದು ಅಜ್ಜಿ. ಕಂಡಕ್ಟರ್ ಹಿರಿಯರು ಮಾತ್ರ ಬಹಳ ಹೊತ್ತು ಗಂಭೀರವಾಗಿ ಹಳಿಯ ತುದಿಯನ್ನೇ ನೋಡುತ್ತಿದ್ದರು. ಅವರ ಮನಸ್ಸು ಆ ಚಾಲಕರ ಕಡೆ ಇತ್ತು ಎಂದು ನಮ್ಮ ಊಹೆ.

ಉಳಿದದ್ದನ್ನು ವಿಸ್ತರಿಸುವುದಿಲ್ಲ. ರೋನ್, ಪೋರ್ಟುಗಾಲ್ ದಾಟಿದೆವು. ಈ ಎರಡನೆಯ ಹೆಸರು ಕೇಳಿ ವಿದೇಶಕ್ಕೆ ಬಂದೆವೆಂದು ಯಾರೂ ಹೆದರಬೇಕಿಲ್ಲ, ಅದು ಇಲ್ಲಿನದೇ ಒಂದು ಊರು. ಸಂಜೆ 'ಇ' ಮಾರ್ಗದಲ್ಲಿ ಗಾಜಿನ ಮನೆಗಳ ನಡುವೆ ಹೋದೆವು. ಆ ಹಳಿ 1908ರಲ್ಲಿ ಈ ದೇಶದ ಮೊದಲ ವಿದ್ಯುತ್ ರೈಲು ಓಡಿದ ಹಾದಿ. 2006ರಲ್ಲಿ ಮೆಟ್ರೋ ಪಾಲಿಗೆ ಬಂತು. ಹೇಗ್ ಸೆಂಟ್ರಾಲ್ ಬಂದಾಗ ವೇ ಬಿಲ್ಲಿಗೆ ಸಹಿ ಬಿತ್ತು. ಒಬ್ಬರೂ ಜಯಘೋಷ ಮಾಡಲಿಲ್ಲ. ಮಕ್ಕಳಿಗೆ ನಿದ್ದೆ, ದೊಡ್ಡವರಿಗೆ ಹಸಿವು.

ಇನ್ನು ಇದರ ಫಲವನ್ನು ಹೇಳಬೇಕು. ಮೂರು ದಿನ ಬಿಟ್ಟು, ಮಂಗಳವಾರ, ನಾವೆಲ್ಲ ಕೆಲಸಕ್ಕೆ ಹೋಗಿದ್ದಾಗ ತಾಯಿಯವರು ಬ್ಲಾಕ್ ನಿಲ್ದಾಣದ ಪಕ್ಕದ ಸಂತೆಗೆ ಒಬ್ಬರೇ ಹೋದರು. ಮಂಗಳವಾರ, ಶನಿವಾರ ಅಲ್ಲಿ ದೊಡ್ಡ ಸಂತೆ. ಕಾಪೆಲ್ಲೆಯಿಂದ 'ಸಿ'ಯಲ್ಲಿ ನೇರ ದಾರಿ. ಕೊತ್ತಂಬರಿ, ಹಸಿಮೆಣಸು ಕೊಂಡು ಮರಳುವಾಗ ಹತ್ತಿದ್ದು 'ಬಿ' ಗಾಡಿ. ಕಾಪೆಲ್ಸೆಬ್ರುಖ್‌ವರೆಗೆ ಎ, ಬಿ, ಸಿ ಮೂರಕ್ಕೂ ಒಂದೇ ಹಳಿ, ಕಿಟಕಿಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದಾದ ಮೇಲೆ ಸ್ಲಾಟ್‌ಲಾನ್ ಬರಬೇಕಾದಲ್ಲಿ ಧ್ವನಿವರ್ಧಕ 'ಸ್ಖೆಂಕೆಲ್' ಎಂದಿತು. 'ನನ್ನ ಪುಸ್ತಕದಲ್ಲಿ ಸ್ಖೆಂಕೆಲ್ ಇದ್ದದ್ದು ಎರಡನೇ ಪುಟದಲ್ಲಿ, ನಮ್ಮ ಮನೆ ಸಾಲಿನಲ್ಲಲ್ಲ' ಎಂದು ಇಳಿದು, ಎದುರಿನ ಗಾಡಿಯಲ್ಲಿ ಒಂದು ನಿಲ್ದಾಣ ಹಿಂದೆ ಬಂದು, 'ಸಿ' ಅಕ್ಷರ ನೋಡಿ ಹತ್ತಿದರು. ನಮಗೆ ತಿಳಿದದ್ದು ರಾತ್ರಿ ಊಟದಲ್ಲಿ, ಸಾರಿನಲ್ಲಿ ಹೊಸ ಕೊತ್ತಂಬರಿ ತೇಲುವುದನ್ನು ಕಂಡು ಕೇಳಿದಾಗ. ಕುರ್ಚಿಯ ಪರೀಕ್ಷೆಯನ್ನು ಆಮೇಲೆ ನಾವು ಮಾಡಲು ಹೋಗಲಿಲ್ಲ. ಮಾಡೋಣವೆಂದರೆ ಹಗಲು ಮನೆಯಲ್ಲಿ ಸಿಗುತ್ತಿರಲಿಲ್ಲ.

ಎಲ್ಲರಿಗೂ ಹೀಗೇ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಧಾರವಾಡದ ಅತ್ತೆಯವರು ಇವತ್ತಿಗೂ ಒಬ್ಬರೇ ಹೊರಡುವುದಿಲ್ಲ. ಅವರ ಕಣ್ಣಿನ ಪೊರೆಯೂ ಅದಕ್ಕೊಂದು ಕಾರಣ. ಶಸ್ತ್ರಚಿಕಿತ್ಸೆ ಊರಿನಲ್ಲೇ ಎಂದು ನಿಶ್ಚಯಿಸಿದ್ದಾರೆ. ಕಂಡಕ್ಟರ್ ಹಿರಿಯರು ಮಾತ್ರ ಸೆಂಟ್ರಾಲ್‌ನಲ್ಲಿ ಇಳಿದು ವೆಸ್ಟ್ ಕ್ರೌಸ್‌ಕಾಡೆ ಬೀದಿಗೆ ನಡೆದು ಹೋಗಿ, ಅಲ್ಲಿನ ಸುರಿನಾಮಿ ಹಿಂದೂಸ್ತಾನಿಗಳೊಡನೆ ತಮ್ಮ ದಾವಣಗೆರೆ ಹಿಂದಿಯಲ್ಲಿ ಹರಟುತ್ತಾರೆ. 1873ರಲ್ಲಿ ಹಡಗು ಹತ್ತಿ ಸುರಿನಾಮಿಗೆ ಹೋದವರ ವಂಶಸ್ಥರ ಮಾತು ಅವರಿಗೆ ಎಷ್ಟು ತಿಳಿಯುತ್ತದೋ, ಇವರ ಹಿಂದಿ ಅವರಿಗೆ ಎಷ್ಟು ತಿಳಿಯುತ್ತದೋ, ಚಹಾ ಅಂತೂ ನಡೆಯುತ್ತದೆ.

ತಾಯಿಯವರ ತೊಂಬತ್ತು ದಿನ ಮುಗಿದು ಶಿವಮೊಗ್ಗಕ್ಕೆ ಮರಳಿದರು. ಅಲ್ಲಿ ಮೆಟ್ರೋ ಇಲ್ಲ. ಆದರೆ ಬೆಂಗಳೂರಿನಲ್ಲಿ 2011ರ ಅಕ್ಟೋಬರ್‌ನಲ್ಲಿ ಆರು ನಿಲ್ದಾಣಗಳಿಂದ ಶುರುವಾದ ನಮ್ಮ ಮೆಟ್ರೋ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಸೇರಿದಾಗ ಎಂಬತ್ತು ದಾಟಿತು. ತಂಗಿಯ ಮನೆಗೆಂದು ಬೆಂಗಳೂರಿಗೆ ಹೋದವರು ಎರಡು ಮಾರ್ಗ ಮುಗಿಸಿದ್ದಾರೆ, ಮೂರನೆಯದು ಸಂಕ್ರಾಂತಿಯ ನಂತರವಂತೆ. ಫೋನಿನಲ್ಲಿ ಹೆಸರುಗಳ ವ್ಯುತ್ಪತ್ತಿ ಕೇಳಿಸುತ್ತಾರೆ; ನಮಗೆ ಅರ್ಧಕ್ಕೆ ಉತ್ತರ ಗೊತ್ತಿರುವುದಿಲ್ಲ.

71 ಹೆಸರುಗಳ ಕನ್ನಡ ಪಟ್ಟಿ, ಯಾವ ಕವಲು ಯಾವ ಪುಟದಲ್ಲಿ ಎಂಬ ವಿವರದೊಂದಿಗೆ, ತಾಯಿಯವರ ಕೈಬರಹದಲ್ಲೇ ಪ್ರತಿ ತೆಗೆಸಿ ತಂದಿದ್ದೇವೆ. ಶೌಚಾಲಯ ಇರುವ ಕಡೆ ಸಣ್ಣ ಚುಕ್ಕೆ ಇಟ್ಟಿದೆ. ಪಾದರಕ್ಷೆ ಬಿಡುವ ಜಾಗದ ಪಕ್ಕದ ಮೇಜಿನ ಮೇಲಿದೆ, ತೆಗೆದುಕೊಳ್ಳಿ. ಆಮ್ಸ್ಟರ್‌ಡ್ಯಾಮಿನ 39 ನಿಲ್ದಾಣಗಳಿಗೆ ಬರುವ ವಸಂತದಲ್ಲಿ ಹೊರಡುವುದೆಂದು ಕಂಡಕ್ಟರ್ ಹಿರಿಯರು ಆಗಲೇ ವೇ ಬಿಲ್ಲಿಗೆ ಗೆರೆ ಎಳೆದಿದ್ದಾರೆ. ಬರುವವರು ಊಟದ ನಂತರ ಅವರ ಹತ್ತಿರ ಹೆಸರು ಬರೆಸಬೇಕು. ಮಂಡಿ ನೋವಿರುವವರು ಮೊದಲು ನಮ್ಮನ್ನು ಕಾಣಿ.